ಜಗಲಿ ಬಣ ಒಪ್ಪಬೇಕಲ್ಲ

ನಮ್ಮ ಪಕ್ಷದ ಪ್ರಣಾಳಿಕೆ ಓದಿದವರು ನಮ್ಮನ್ನು ಪ್ರಗತಿಪರರು ಅನ್ನುತ್ತಾರೆ. ಗುಂಡ್ಲುಪೇಟೆಯ ನಮ್ಮ ಕಚೇರಿಗೆ ಬಂದು ಒಂದು ಗಂಟೆ ಕೂತವರು ಏನೂ ಅನ್ನದೆ ಎದ್ದು ಹೋಗುತ್ತಾರೆ. ಹದಿನೆಂಟು ವರ್ಷದಿಂದ ಇಲ್ಲಿ ನಡಾವಳಿ ಪುಸ್ತಕ ಬರೆಯುತ್ತಿದ್ದೇನೆ. ಮುಂದೆ ಹೇಳುವಂಥ ಪ್ರಸಂಗಗಳು ಸಭೆಗೊಂದರಂತೆ ನಡೆಯುತ್ತಲೇ ಇರುತ್ತವೆ. ನಡಾವಳಿಯಲ್ಲಿ ಬರೆಯಲಿಕ್ಕೆ ಆಗದ್ದನ್ನೆಲ್ಲ ಮನೆಗೆ ಹೋಗಿ ಹೆಂಡತಿಗೆ ಹೇಳಿ ನಗುತ್ತೇನೆ.

ನಮ್ಮ ಕಚೇರಿ ಒಂದು ಹಳೆಯ ಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ಹಜಾರ. ಜಗಲಿಯಲ್ಲಿ ಕೂರುವವರು ಹಳಬರು: ವಿಭೂತಿ, ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲು. ಹಿಂದಿನಿಂದ ಬಂದದ್ದನ್ನು ಬಿಡಬಾರದು ಅನ್ನುವವರು. ಹಜಾರದಲ್ಲಿ ಕೂರುವವರು ಸುಧಾರಣೆಯವರು. ಎಲ್ಲವನ್ನೂ ನಾಳೆ ಬೆಳಿಗ್ಗೆಯೇ ಬದಲಾಯಿಸಬೇಕು ಅನ್ನುವವರು. ಪತ್ರಿಕೆಯವರು ಮೊದಲನೆಯವರನ್ನು ಪಕ್ಷದೊಳಗಿನ ಸಂಪ್ರದಾಯವಾದಿ ಬಣ ಎಂದು ಬರೆಯುತ್ತಾರೆ. ನಾವು ಜಗಲಿ ಬಣ ಅನ್ನುತ್ತೇವೆ. ಅದರ ಮುಖ್ಯಸ್ಥರನ್ನು ಊರೆಲ್ಲ ಯಜಮಾನರು ಅನ್ನುತ್ತದೆ. ಹಜಾರದ ಮುಂದಾಳು ಒಬ್ಬ ನಿವೃತ್ತ ಮೇಷ್ಟ್ರು.

ಕಳೆದ ವರ್ಷ ತಾಲ್ಲೂಕು ಅಧ್ಯಕ್ಷರ ಸ್ಥಾನ ಖಾಲಿಯಾಯಿತು. ಅದು ತನಗೆ ಬೇಕು ಎಂದು ನಮ್ಮ ಮಹಿಳಾ ಘಟಕದ ಅಕ್ಕ ನೇರವಾಗಿ ಹೇಳಿಬಿಟ್ಟರು. ಅಕ್ಕನದು ಚೆಂಡು ಹೂವಿನ ವ್ಯಾಪಾರ. ನಮ್ಮ ರೈತರಿಂದ ಹೂ ಕೊಂಡು ಗಡಿಯಾಚೆ ಕಳಿಸುತ್ತಾರೆ, ಮಲಯಾಳಂನಲ್ಲಿ ಜಗಳ ಆಡಿ ಕನ್ನಡದಲ್ಲಿ ನಗುತ್ತಾರೆ. "ಇಪ್ಪತ್ತೆರಡು ವರ್ಸದಿಂದ ಬ್ಯಾರೆವ್ರಿಗೆ ಕುರ್ಚಿ ಹಾಕಿವ್ನಿ. ಒಂದು ಸಲ ಕುಂತ್ಕಬ್ಯಾಡ್ವಾ? ಈ ಸಲ ಆಗ್ನಿಲ್ಲ ಅಂದ್ರೆ ಹೂ ಮಾರ್ಕೊಂಡು ಮನೇಲಿರ್ತೀನಿ" ಅಂದರು. ಅಕ್ಕ ಮನೆಯಲ್ಲಿ ಕೂತರೆ ನಮ್ಮ ಪಕ್ಷಕ್ಕೆ ಹಳ್ಳಿಗಳಲ್ಲಿ ಬಾಗಿಲು ತೆಗೆಯುವವರೇ ಇಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಸಮಿತಿಯ ಇಪ್ಪತ್ತೇಳು ಜನರಲ್ಲಿ ಹದಿನೈದು ಜನ ಜಗಲಿಯವರು. ಈ ತಾಲ್ಲೂಕಿನಲ್ಲಿ ಹೆಂಗಸು ಅಧ್ಯಕ್ಷೆಯಾದದ್ದು ಇಲ್ಲ, ಆಗುವುದೂ ಬೇಡ ಎನ್ನುವುದು ಜಗಲಿಯ ತೀರ್ಮಾನ. ಅವರ ಕಡೆಯಿಂದ ಅಕ್ಕಿ ಗಿರಣಿಯ ಸಾಹುಕಾರರು ನಿಲ್ಲುವುದು ಎಂದು ಆಗಲೇ ಮಾತಾಗಿತ್ತು. ಆ ಒಂದು ವರ್ಷದಲ್ಲಿ ನಡೆದದ್ದು ಇಷ್ಟು.

೧. ರಾಹುಕಾಲದ ನಿರ್ಣಯ

ಮೂಢನಂಬಿಕೆಯ ವಿರುದ್ಧ ನಮ್ಮ ಘಟಕವೂ ಒಂದು ನಿರ್ಣಯ ಮಾಡಬೇಕು ಎಂದು ಮೇಲಿನಿಂದ ಸೂಚನೆ ಬಂತು. ಮೇಷ್ಟ್ರು ಹುರುಪಿನಿಂದ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಸಭೆ ಕರೆದರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಬೇಕೆಂದೇ ಇಟ್ಟದ್ದು ಎಂದು ಎಲ್ಲರಿಗೂ ಗೊತ್ತಾಯಿತು.

ಹದಿನೈದು ಜನವೂ ಹೇಳಿದ ಹೊತ್ತಿಗೆ ಬಂದರು. ಬಂದು ಜಗಲಿಯಲ್ಲಿ ಕೂತರು. ಒಳಗೆ ಬರಲಿಲ್ಲ. ಅವರಿಲ್ಲದೆ ಕೋರಂ ಇಲ್ಲ. ಮೇಷ್ಟ್ರು ಹೊಸ್ತಿಲ ಮೇಲೆ ನಿಂತು, ನೀವು ಈ ನಿರ್ಣಯಕ್ಕೆ ವಿರೋಧವೋ ಎಂದು ಕೇಳಿದರು. ಯಜಮಾನರು ಎಲೆ ಅಡಿಕೆ ಪಕ್ಕಕ್ಕಿಟ್ಟು ಬಹಳ ಸಮಾಧಾನವಾಗಿ ಹೇಳಿದರು:

"ವಿರೋಧ ಯಾಕ್ ಮಾಡನ ಮೇಷ್ಟ್ರೆ? ಮೂಢನಂಬಿಕೆ ಬುಡಬೇಕು, ಅದು ಒಳ್ಳೆ ಕೆಲ್ಸವೇ. ಅಂಥ ಒಳ್ಳೆ ಕೆಲ್ಸವ ರಾಹುಕಾಲದಲ್ಲಿ ಯಾಕೆ ಸುರು ಮಾಡದು ಅಂತ ಅಷ್ಟೇಯ."

ಮೇಷ್ಟ್ರು ಒಂದೂವರೆ ಗಂಟೆ ಹಜಾರದಲ್ಲಿ ಶತಪಥ ಹಾಕಿದರು. ಹನ್ನೆರಡು ಹೊಡೆದದ್ದೇ ಜಗಲಿಯವರು ಬಲಗಾಲಿಟ್ಟು ಒಳಗೆ ಬಂದು ಮೂಢನಂಬಿಕೆಯನ್ನು ಸರ್ವಾನುಮತದಿಂದ ಖಂಡಿಸಿದರು.

ಹಜಾರದವರದ್ದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಅದೇ ದಿನ ಅಕ್ಕ, ಹಾಗಾದರೆ ಅಧ್ಯಕ್ಷ ಸ್ಥಾನಕ್ಕೆ ನಾನು ಅರ್ಜಿ ಕೊಡುತ್ತೇನೆ, ಬರುವ ಮಂಗಳವಾರ ಆಗಬಹುದಾ ಎಂದು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು ನೋಡಿ, ಮಂಗಳವಾರ ಅಮಾವಾಸ್ಯೆ, ಬುಧವಾರ ಕೊಡೋಣ ಬಿಡಿ ಅಂದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

೨. ಊರೊಳಗೆ ಬಾರದ ನಾಯಕರು

ಆಮೇಲೆ ವೈಜ್ಞಾನಿಕ ಮನೋಭಾವದ ಬಗ್ಗೆ ಜಿಲ್ಲಾ ಮಟ್ಟದ ಶಿಬಿರ. ಭಾಷಣಕ್ಕೆ ರಾಜಧಾನಿಯಿಂದ ದೊಡ್ಡ ನಾಯಕರೊಬ್ಬರು ಒಪ್ಪಿದರು. ಆದರೆ ಶಿಬಿರ ಚಾಮರಾಜನಗರದಲ್ಲಿ ಬೇಡ, ಸಂತೆಮರಹಳ್ಳಿಯಲ್ಲಿ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದರು. ಚಾಮರಾಜನಗರದೊಳಗೆ ಕಾಲಿಟ್ಟವರ ಕುರ್ಚಿ ಹೋಗುತ್ತದೆ ಎಂಬ ಮಾತು ರಾಜ್ಯಕ್ಕೆಲ್ಲ ಗೊತ್ತಿರುವುದೇ. ನಮ್ಮ ನಾಯಕರಿಗೂ ಆಗಷ್ಟೇ ಒಂದು ಕುರ್ಚಿ ಸಿಕ್ಕಿತ್ತು.

ಮೇಷ್ಟ್ರಿಗೆ ಮುಖ ಎತ್ತಲಾಗಲಿಲ್ಲ. ಜಗಲಿಯವರಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಆದದ್ದೇ ಬೇರೆ. ಯಜಮಾನರ ಅತ್ತೆ ಮನೆ ಚಾಮರಾಜನಗರ. ತಮ್ಮ ಹೆಂಡತಿ ಹುಟ್ಟಿದ ಊರನ್ನು ಅಪಶಕುನ ಅಂದರಲ್ಲ ಎಂದು ಅವರಿಗೆ ಉರಿದುಹೋಯಿತು. ಮದುವೆಯಾದಾಗಿನಿಂದ ಆ ಊರಿಗೆ ಹೋಗಿ ಬರುತ್ತಿದ್ದೇನೆ, ನನ್ನ ಯಾವ ಕುರ್ಚಿ ಹೋಯಿತು ಎಂದು ಕೂಗಾಡಿದರು. ಅಲ್ಲೇ ಚಹಾ ಹಂಚುತ್ತಿದ್ದ ಅಕ್ಕ, "ಓಗಕೆ ಮೊದ್ಲು ಇರ್ಬೇಕಲ್ಲ ಯಜಮಾನ್ರೆ" ಅಂದರು. ಯಜಮಾನರು ಅಕ್ಕನನ್ನು ದುರುಗುಟ್ಟಿ ನೋಡಿ, ಚಹಾ ಮಾತ್ರ ಕುಡಿದರು.

ಸಂತೆಮರಹಳ್ಳಿಗೆ ನಾವು ಹೋದದ್ದು ಚಾಮರಾಜನಗರವನ್ನು ಹಾದೇ. ನಾಯಕರ ಭಾಷಣ ಮುಗಿದ ಮೇಲೆ ಯಜಮಾನರು ಯಾರೂ ಕರೆಯದೆ ವೇದಿಕೆ ಹತ್ತಿದರು. ಊರಿಗೂ ಕುರ್ಚಿಗೂ ಏನು ಸಂಬಂಧ, ಮಳೆ ಬೆಳೆ ನೋಡುವವನು ಹೆದರುವುದು ಮೋಡಕ್ಕೆ, ಊರಿನ ಹೆಸರಿಗಲ್ಲ, ಕೆಲಸ ಮಾಡದವನ ಕುರ್ಚಿ ಕಾಶಿಯಲ್ಲಿದ್ದರೂ ಹೋಗುತ್ತದೆ ಎಂದು ಹತ್ತು ನಿಮಿಷ ಬಿಡದೆ ಮಾತಾಡಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ, ನನಗೂ ಹೆಮ್ಮೆಯಾಯಿತು.

ವಾಪಸು ಹೊರಡುವಾಗ ಯಜಮಾನರು ಜೇಬಿನಿಂದ ನಾಲ್ಕು ನಿಂಬೆಹಣ್ಣು ತೆಗೆದು ಜೀಪಿನ ನಾಲ್ಕು ಚಕ್ರಕ್ಕೂ ಇಟ್ಟರು. ಮೇಷ್ಟ್ರು ಭಾಷಣ ಬರೆದುಕೊಂಡಿದ್ದ ಹಾಳೆಯನ್ನು ಅವರ ಮುಂದೆ ಹಿಡಿದರು.

"ಭಾಷಣ ಬ್ಯಾರೆ, ಗಾಡಿ ಬ್ಯಾರೆ. ಹತ್ಕಳಿ" ಅಂದರು ಯಜಮಾನರು.

೩. ಹದಿನೈದು ಜನರ ಒಪ್ಪತ್ತು

ನಮ್ಮ ತಾಲ್ಲೂಕಿನದೇ ಮದ್ದೂರಿನ ಕಡೆ ಕಾಡಂಚಿನ ಒಂದು ಕಾಲೋನಿಯಲ್ಲಿ ಸಹಪಂಕ್ತಿ ಭೋಜನ ಏರ್ಪಾಡಾಯಿತು. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಕಾಲೋನಿಯವರ ಕೈಯ ಅಡುಗೆ ಉಣ್ಣುವುದು. ಜಗಲಿಯವರು ಬರುವುದಿಲ್ಲ ಅನ್ನಲಿಲ್ಲ. ಅಂದರೆ ಪಕ್ಷದಿಂದ ನೋಟಿಸು ಬರುತ್ತದೆ. ಬರುತ್ತೇವೆ, ಆದರೆ ಅವತ್ತು ನಮಗೆ ಒಪ್ಪತ್ತು, ಊಟ ಮಾಡುವ ಹಾಗಿಲ್ಲ ಅಂದರು. ಹದಿನೈದು ಜನಕ್ಕೂ ಒಂದೇ ದಿನ. ಸೋಮವಾರವಾಗಿದ್ದರೆ ನಂಬಬಹುದಿತ್ತು. ಬುಧವಾರ ಯಾವ ದೇವರದು ಎಂದು ನಾನು ಕೇಳಿದ್ದಕ್ಕೆ, ಮನೆದೇವರದು ಅಂದರು. ಹದಿನೈದು ಮನೆಗೆ ಎಂಟು ಮನೆದೇವರುಗಳಿವೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಉಪಾಯ. ನನಗೆ ನಗುವೂ ಬಂತು, ಕಾಲೋನಿಯವರ ಮುಖ ನೆನೆದು ನಾಚಿಕೆಯೂ ಆಯಿತು. ಮೇಷ್ಟ್ರು ಮೇಲಿನವರಿಗೆ ದೂರು ಬರೆಯುತ್ತೇನೆ ಎಂದು ಪೆನ್ನು ತೆಗೆದರು. ಅಕ್ಕ ಬೇಡ ಅಂದರು. ಹಿಂದಿನ ದಿನವೇ ಕಾಲೋನಿಗೆ ಹೋಗಿ ಹೆಂಗಸರ ಹತ್ತಿರ ಏನೋ ಮಾತಾಡಿ ಬಂದರು.

ಅವತ್ತು ಜಗಲಿಯವರು ಬೇವಿನ ಮರದ ನೆರಳಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಸಾಲಿನಲ್ಲಿ ಮುದ್ದೆ, ಅವರೆಕಾಳು ಸಾರು. ಘಮ ಮರದ ತನಕ ಹೋಗುತ್ತಿತ್ತು. ಆಗ ಅಕ್ಕ ಹದಿನೈದು ಎಲೆ ಹಿಡಿದುಕೊಂಡು ಬಂದು, ಒಪ್ಪತ್ತಿನವರಿಗೆ ಫಲಾರಕ್ಕೆ ಬೇರೆ ಮಾಡಿಸಿದ್ದೇವೆ, ಸಾಲಿಗೇ ಬನ್ನಿ ಅಂದರು. ಉಪ್ಪಿಟ್ಟು, ಬಾಳೆಹಣ್ಣು. ಒಪ್ಪತ್ತಿಗೆ ಉಪ್ಪಿಟ್ಟು ಆಗುವುದಿಲ್ಲ ಎಂದು ಯಾವ ಶಾಸ್ತ್ರದಲ್ಲೂ ಇಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎದ್ದು ಬಂದು ಸಾಲಿನಲ್ಲಿ ಕೂತರು.

ಯಜಮಾನರು ಮೊದಲ ತುತ್ತು ಹೆದರಿಕೊಂಡೇ ತಿಂದರು. ಎರಡನೆಯ ಸಲ ಅವರೇ ಎಲೆ ಮುಂದೆ ಮಾಡಿದರು. ಬಡಿಸುತ್ತಿದ್ದ ಅಜ್ಜಿಯನ್ನು, ಯಾರ ಮನೆಯಲ್ಲಿ ಮಾಡಿದ್ದವ್ವ ಎಂದು ಕೇಳಿದರು. ಅಜ್ಜಿ, ಒಬ್ಬರ ಮನೆಯದಲ್ಲ ಬುದ್ಧಿ, ಒಂದೊಂದು ಮನೆಯಿಂದ ಒಂದೊಂದು ಪಾವು ರವೆ ಕೂಡಿಸಿ ಮಾಡಿದ್ದು ಅಂದಳು. ಯಜಮಾನರು ಎಲೆಯನ್ನು ಇನ್ನಷ್ಟು ಮುಂದೆ ತಳ್ಳಿದರು.

"ಹಂಗಾರೆ ಇಂಥವ್ರ ಮನೇದು ಅಂತ ಯೋಳಕಾಗದಿಲ್ಲ ಬುಡು. ಇನ್ನೊಂದ್ ವಸಿ ಹಾಕು" ಅಂದರು.

೪. ಮನೇಲಿ ಕೇಳಿ ಹೇಳ್ತೀನಿ

ಚುನಾವಣೆಗೆ ಒಂದು ವಾರ ಇರುವಾಗ ಅಕ್ಕ ಬೆಂಬಲ ಕೇಳಲು ಯಜಮಾನರ ಮನೆಗೆ ಹೋದರು. ಜೊತೆಗೆ ನಾನೂ ಇದ್ದೆ. ಯಜಮಾನರು ನಡುಮನೆಯಲ್ಲಿ ಕೂರಿಸಿ, ಮಜ್ಜಿಗೆ ಕೊಡಿಸಿ, ಹೆಂಗಸಿನ ಕೈಗೆ ಅಧಿಕಾರ ಕೊಡಬಾರದು ಅನ್ನುವುದಕ್ಕೆ ಕಾರಣಗಳನ್ನು ಅರ್ಧ ಗಂಟೆ ವಿವರಿಸಿದರು. ಮಧ್ಯದಲ್ಲಿ ತೋಟದ ಆಳು ಬಂದು, ಇವತ್ತು ಬಾಳೆಗೆ ನೀರು ಬಿಡುವುದೋ ಬೇಡವೋ ಎಂದು ಕೇಳಿದ. ಒಳಗೆ ಅಮ್ಮಾವರನ್ನು ಕೇಳು ಅಂದರು. ಬಂಡಿ ಬಾಡಿಗೆಯವನು ಬಂದ. ಅವನಿಗೂ ಅದೇ ಉತ್ತರ.

ಕೊನೆಗೆ ಅಕ್ಕ, ನನ್ನ ವಿಷಯ ಏನಾದರೂ ಒಂದು ಹೇಳಿ ಅಂದರು. ಯಜಮಾನರು ಗಂಭೀರವಾಗಿ, "ನನ್ನ ಮನಸ್ಸು ಒಪ್ಪದಿಲ್ಲ ಕಣವ್ವ. ಆದ್ರೂ ನೋಡನ, ಮನೇಲಿ ಒಂದು ಮಾತು ಕೇಳಿ ಯೋಳ್ತೀನಿ" ಅಂದರು.

೫. ಹೆಗಲ ಮೇಲಿನ ಮತ

ಚುನಾವಣೆ ಏಪ್ರಿಲ್ ತಿಂಗಳಲ್ಲಿ ಬಂತು. ಮನೆಯಲ್ಲಿ ಕೇಳಿದ್ದಕ್ಕೆ ಏನು ಉತ್ತರ ಸಿಕ್ಕಿತು ಎಂದು ಯಜಮಾನರು ಯಾರಿಗೂ ಹೇಳಿರಲಿಲ್ಲ. ಅಕ್ಕ ಬೆಳಿಗ್ಗೆ ತಾವೇ ಇಪ್ಪತ್ತೇಳು ಕುರ್ಚಿ ಹಾಕಿ, ಹಿಂದೆ ಗೋಡೆಗೆ ಒರಗಿ ನಿಂತರು. ಸೋತರೆ ಇದೇ ಕೊನೆಯ ಸಲ ಎಂದು ನನಗೆ ಮೆಲ್ಲಗೆ ಹೇಳಿದರು.

ಕೈ ಎತ್ತಿ ಮತ ಹಾಕುವುದು ನಮ್ಮ ಪದ್ಧತಿ. ಜಗಲಿಯವರದ್ದು ಅದರೊಳಗೊಂದು ಪದ್ಧತಿ. ಸಭೆಯಲ್ಲಿ ಯಜಮಾನರು ಬಾಯಿ ಬಿಡುವುದಿಲ್ಲ. ಟವೆಲು ಹೆಗಲ ಮೇಲೇ ಇದ್ದರೆ ಬೇಡ ಎಂದು ಅರ್ಥ; ಹೆಗಲಿನಿಂದ ಕೈಗೆ ಬಂದರೆ ಹೂಂ ಎಂದು ಅರ್ಥ. ಉಳಿದ ಹದಿನಾಲ್ಕು ಜನ ಯಾರು ಏನು ಮಾತಾಡುತ್ತಿದ್ದಾರೆ ಎಂದು ಕೇಳಿಸಿಕೊಳ್ಳುವುದೇ ಇಲ್ಲ, ಟವೆಲು ನೋಡುತ್ತಾ ಕೂತಿರುತ್ತಾರೆ. ಎಷ್ಟೋ ಸಲ ನಾನೂ ಅದನ್ನು ನೋಡಿಯೇ ನಡಾವಳಿ ಮೊದಲೇ ಬರೆದಿಟ್ಟಿದ್ದೇನೆ.

ಅವತ್ತು ಕರೆಂಟು ಹೋಗಿತ್ತು. ಫ್ಯಾನು ನಿಂತಿತ್ತು. ಅಕ್ಕನ ಹೆಸರು ಸೂಚಿಸಲು ಎದ್ದ ಮೇಷ್ಟ್ರು ಪ್ರಪಂಚದಲ್ಲಿ ಮಹಿಳೆಯರು ಪಟ್ಟಕ್ಕೆ ಬಂದ ಚರಿತ್ರೆಯನ್ನು ಆದಿಯಿಂದ ಶುರು ಮಾಡಿದರು. ಒಂದು ಗಂಟೆಯಾದರೂ ನಮ್ಮ ದೇಶಕ್ಕೆ ಬರಲಿಲ್ಲ. ಎಲ್ಲರೂ ಬೆವರಿ ಒದ್ದೆ. ಯಜಮಾನರ ಹಣೆಯ ವಿಭೂತಿ ಕರಗಿ, ಸಣ್ಣಗೆ ಇಳಿದು ಕಣ್ಣಿನ ಹತ್ತಿರ ಬಂತು. ಅವರು ಕಣ್ಣು ಕಿರಿದು ಮಾಡಿದರು. ತಲೆ ಅತ್ತಿತ್ತ ಮಾಡಿದರು. ಮೇಷ್ಟ್ರು ಕೊನೆಗೂ ಭಾರತಕ್ಕೆ ಬಂದು, ಆದ್ದರಿಂದ ನಮ್ಮ ಅಕ್ಕನನ್ನು ಸೂಚಿಸುತ್ತೇನೆ ಅನ್ನುವುದಕ್ಕೂ, ವಿಭೂತಿ ಯಜಮಾನರ ಕಣ್ಣೊಳಗೆ ಇಳಿಯುವುದಕ್ಕೂ ಸರಿಹೋಯಿತು.

ಯಜಮಾನರು ಟವೆಲು ತೆಗೆದು ಮುಖ ಒರೆಸಿಕೊಂಡರು.

ಹದಿನಾಲ್ಕು ಕೈ ಮೇಲೆ ಹೋದವು. ಎಲ್ಲರಿಗಿಂತ ಮೊದಲು ಎತ್ತಿದವರು ಎದುರು ಸ್ಪರ್ಧೆಗೆ ನಿಲ್ಲಬೇಕಿದ್ದ ಗಿರಣಿ ಸಾಹುಕಾರರೇ. ಎತ್ತಿದ ಮೇಲೆ ಅವರಿಗೆ ಏನೋ ಸಂಶಯ ಬಂದು ತಮ್ಮ ಕೈಯನ್ನೇ ನೋಡಿಕೊಂಡರು. ಆದರೆ ಟವೆಲು ಇನ್ನೂ ಯಜಮಾನರ ಮುಖದ ಮೇಲಿತ್ತು, ಇಳಿಸಲು ಧೈರ್ಯ ಬರಲಿಲ್ಲ. ಹಜಾರದ ಹನ್ನೆರಡು ಜನವೂ ಎತ್ತಿದರು. ನಾನು ಎಣಿಸಿದೆ: ಇಪ್ಪತ್ತಾರು.

ಅಷ್ಟಕ್ಕೆ ಮುಗಿಯುತ್ತಿತ್ತು. ಮೇಷ್ಟ್ರು ಸತ್ಯಸಂಧರು ನೋಡಿ, ಅವರಿಗೆ ತಡೆಯಲಾಗಲಿಲ್ಲ. ಯಜಮಾನ್ರೆ, ತಾವು ಒಪ್ಪಿಗೆ ಕೊಟ್ಟದ್ದೋ, ಬರೀ ಬೆವರು ಒರೆಸಿಕೊಂಡದ್ದೋ, ದಯವಿಟ್ಟು ಸ್ಪಷ್ಟಪಡಿಸಬೇಕು ಎಂದು ಕೇಳಿಯೇಬಿಟ್ಟರು. ಆ ಕ್ಷಣ ನಾನು ಮೇಷ್ಟ್ರನ್ನು ಎತ್ತಿ ಹೊರಗೆ ಹಾಕಬೇಕು ಅನ್ನಿಸಿತು. ಗೋಡೆಗೆ ಒರಗಿದ್ದ ಅಕ್ಕ ಕಣ್ಣು ಮುಚ್ಚಿಕೊಂಡರು.

ಯಜಮಾನರು ಮುಖದಿಂದ ಟವೆಲು ತೆಗೆದರು. ಎತ್ತಿದ ಕೈಗಳನ್ನು ಒಂದೊಂದಾಗಿ ನೋಡಿದರು. ಗಿರಣಿ ಸಾಹುಕಾರರ ಕೈಯನ್ನು ಎರಡು ಸಲ ನೋಡಿದರು. ಆಮೇಲೆ ತಿರುಗಿ ಅಕ್ಕನನ್ನು ನೋಡಿದರು. ಟವೆಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು, "ಎತ್ತಿದ ಕೈಯ ಯಾರೂ ಇಳಿಸಬ್ಯಾಡಿ. ಬರ್ಕೊಳಪ್ಪ ಸೆಕ್ರೆಟ್ರಿ" ಅಂದರು. ಅಕ್ಕ ಅತ್ತರು. ನಾನು ನಡಾವಳಿಯಲ್ಲಿ ಸರ್ವಾನುಮತ ಎಂದು ಬರೆದೆ.

ಸಭೆ ಮುಗಿದ ಮೇಲೆ ಯಜಮಾನರನ್ನು ಬಸ್ ಸ್ಟ್ಯಾಂಡಿನ ತನಕ ಬಿಡಲು ಹೋದೆ. ದಾರಿಯಲ್ಲಿ ಮುಖ, ಕತ್ತು, ಕಂಕುಳು ಎಲ್ಲ ಆರಾಮವಾಗಿ ಒರೆಸಿಕೊಳ್ಳುತ್ತಾ ನಡೆಯುತ್ತಿದ್ದರು. ಯಾರೂ ಇಲ್ಲದ್ದು ನೋಡಿ, ನಿಜ ಹೇಳಿ ಯಜಮಾನ್ರೆ, ಟವೆಲು ತೆಗೆದದ್ದು ಯಾಕೆ ಎಂದು ಕೇಳಿದೆ. ಅವರು ನಿಂತು ನನ್ನ ಮುಖ ನೋಡಿದರು.

"ಈ ಬಣ ಕಟ್ಕೊಂಡು ಮೂವತ್ತು ವರ್ಸ ಆಯ್ತು ಕಣಪ್ಪ. ಒಂದಿನವೂ ಸಭೇಲಿ ನೆಮ್ಮದಿಯಾಗಿ ಬೆವರು ಒರೆಸ್ಕಳಕಾಗಿರ್ನಿಲ್ಲ. ಇನ್ಮೇಲೆ ಆಯಮ್ಮನೇ ನೋಡ್ಕಳ್ಲಿ."