ಕೋವಿ ಒಪ್ಪಿಸಲು ಹೋದ ಎಲ್‌ವುಡ್

ಹೆಂಡತಿ ನಡೀನ್ ಅಂದು ಪತ್ರಿಕೆ ಓದದೆ ಇದ್ದಿದ್ದರೆ ಎಲ್‌ವುಡ್ ಸ್ಟ್ರೌಡ್ ಎಂದಿನಂತೆ ಎರಡನೇ ಕಪ್ ಕಾಫಿ ಕುಡಿದು, ಅಂಗಳದ ಹುಲ್ಲು ಕತ್ತರಿಸಿ, ಮಧ್ಯಾಹ್ನ ಒಂದು ನಿದ್ದೆ ತೆಗೆಯುತ್ತಿದ್ದ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು ಬೇರೇನು ಕೇಳಿಯಾನು?

“ಕೇಳಿದ್ಯಾ? ನಾಳೆಯಿಂದ ಹೊಸ ಕಾನೂನಂತೆ. ಪರವಾನಗಿ ಇಲ್ದೆ ಮನೇಲಿ ಕೋವಿ ಇದ್ರೆ ದಂಡ, ಜೈಲು. ಪರವಾನಗಿ ಬೇಕಂದ್ರೆ ಎಂಟು ಗಂಟೆ ಕ್ಲಾಸಲ್ಲಿ ಕೂರ್ಬೇಕು, ಹತ್ತೂ ಬೆರಳಿನ ಗುರುತು ಕೊಡ್ಬೇಕು.”

“ನಮ್ಮನೇಲೆಲ್ಲಿದೆ ಕೋವಿ?”

“ನಿಮ್ಮಪ್ಪಂದು ಇಲ್ವಾ? ಇವತ್ತೇ ಸಾಗಹಾಕು. ಈ ವಯಸ್ಸಲ್ಲಿ ನಾನು ಜೈಲಿಗೆ ಊಟ ಹೊರಲ್ಲ.”

ಆ ಕೋವಿಯಿಂದ ಎಲ್‌ವುಡ್ ಜೀವಮಾನದಲ್ಲಿ ಹಾರಿಸಿದ್ದು ಒಂದೇ ಗುಂಡು, ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬೇಟೆಗೆ ಹೋದಾಗ. ಬಾತುಕೋಳಿಗಳಿಗೆ ಏನೂ ಆಗಲಿಲ್ಲ. ಅಪ್ಪನ ಹ್ಯಾಟು ಹಾರಿಹೋಯಿತು. ಅಪ್ಪ ಬೈಯಲಿಲ್ಲ, ನಕ್ಕಿದ್ದರು. ಅದನ್ನು ನೆನೆದು ಅವನು ಕೋವಿಯ ಧೂಳೊರೆಸಿ, ಕಂಬಳಿಯಲ್ಲಿ ಸುತ್ತಿ ಪಿಕಪ್ ಗಾಡಿಯಲ್ಲಿ ಮಲಗಿಸಿದ, ಕಾಯಿಲೆಯ ಮಗುವನ್ನು ಆಸ್ಪತ್ರೆಗೆ ಒಯ್ಯುವವನಂತೆ.

ಬೇಲಿಯಾಚೆಯಿಂದ ಗಸ್ ಟಾಲಿವರ್‌ನ ತಲೆ ಎದ್ದಿತು. “ಎಲ್ಲಿಗಯ್ಯಾ? ಓಪಲ್‌ಳ ಕೋವಿ ಅಂಗಡಿಗೆ ಒಪ್ಪಿಸೋಕಾ? ಹೆಂಗೂ ಹೋಗ್ತಿದ್ದೀಯ, ನನ್ನವೆರಡೂ ಹಾಕ್ಕೊಂಡು ಹೋಗು. ನನಗೆ ಸೊಂಟ ನೋವು.”

ಬಸ್ಸು ಓಡಿಸುವಾಗಲೂ ಕೈಯೆತ್ತಿದವರಿಗೆಲ್ಲ ನಿಲ್ಲಿಸಿದವನು ಎಲ್‌ವುಡ್. ‘ಆಗಲ್ಲ’ ಎನ್ನುವ ಮಾತು ಅವನ ನಾಲಿಗೆಗೆ ಹತ್ತಿದ್ದೇ ಇಲ್ಲ. ಗಾಡಿ ಹೊರಡುವಷ್ಟರಲ್ಲಿ ಎದುರು ಮನೆಯ ಬೆಟೀನಾ ಅಜ್ಜಿ ಅಡ್ಡ ನಿಂತಳು. ಕೈಯಲ್ಲಿ ಕೌದಿಯಲ್ಲಿ ಸುತ್ತಿದ ಉದ್ದನೆಯ ಗಂಟು.

“ನಮ್ಮ ಯಜಮಾನ್ರದ್ದು ಕಣಪ್ಪ. ಕೌದಿ ಮಾತ್ರ ಮರೀದೆ ವಾಪಸ್ ತಾ.”

ತಿರುವಿನಲ್ಲಿ ಚರ್ಚಿನ ಪಾದ್ರಿ ಕೈಯೆತ್ತಿದರು. ಹರಾಜಿಗೆಂದು ಯಾರೋ ಕೊಟ್ಟಿದ್ದ ಮೂರು ಕೋವಿಗಳು ಚರ್ಚಿನ ನೆಲಮಾಳಿಗೆಯಲ್ಲಿದ್ದವು. “ದೇವರ ಕೆಲಸ ಅಂದ್ಕೊ, ಎಲ್‌ವುಡ್” ಎಂದು ಗಾಡಿಗೆ ಹೇರಿಯೇಬಿಟ್ಟರು.

ಒಂದು ಕೋವಿ ಕಳೆದುಕೊಳ್ಳಲು ಹೊರಟವನ ಗಾಡಿಯಲ್ಲಿ ಈಗ ಏಳು. ಉಬ್ಬುತಗ್ಗಿನ ರಸ್ತೆಯಲ್ಲಿ ಅವು ಪಾತ್ರೆ ಅಂಗಡಿಯಂತೆ ಕಡಕಡ ಎನ್ನುತ್ತಿದ್ದವು.

ಓಪಲ್ ರೆನ್‌ಶಾಳ ಅಂಗಡಿಯ ಮುಂದೆ ಬೀದಿಯ ತಿರುವಿನವರೆಗೂ ಸಾಲು. ಅವನ ಸರದಿ ಬರುವಾಗ ಐದಕ್ಕೆ ಹತ್ತು ನಿಮಿಷ.

“ಐದಕ್ಕೆ ಬಾಗಿಲು ಹಾಕ್ತೀನಿ. ನಾಳೆಯಿಂದ ಕ್ಯಾಮೆರಾ, ಉಕ್ಕಿನ ಬಾಗಿಲು ಎಲ್ಲಾ ಹಾಕಿಸೋವರೆಗೂ ಒಂದು ಕೋವೀನೂ ತಗೊಳ್ಳೋ ಹಂಗಿಲ್ಲ” ಎಂದಳು ಓಪಲ್. ಅವಳ ಕಣ್ಣು ಕೆಂಪಾಗಿತ್ತು. “ನನ್ನ ಗಂಡ ಕಟ್ಟಿದ ಅಂಗಡಿ ಇದು. ಇದ್ದಬದ್ದ ಮಾಲೆಲ್ಲ ಬೆಳಿಗ್ಗೆ ಅರ್ಧ ಬೆಲೆಗೆ ಪಕ್ಕದ ರಾಜ್ಯ ಐಡಹೋದ ವ್ಯಾಪಾರಿಗೆ ಕೊಟ್ಟೆ. ಇರಲಿ, ಇವೆಲ್ಲಾ ಯಾರವು?”

“ಒಂದು ನಂದು. ಮಿಕ್ಕಿದ್ದು ಅಕ್ಕಪಕ್ಕದವರದ್ದು.”

“ಹಂಗಾದ್ರೆ ಅವರೇ ಬರ್ಬೇಕು. ಎಲ್ಲಾ ನಿಂದೇ ಅಂದ್ರೆ ಒಂದೇ ಚೀಟಿ, ಒಂದೇ ಸಹಿ.”

ಗಸ್‌ಗೆ ಫೋನ್ ಮಾಡಿದ, ಎತ್ತಲಿಲ್ಲ. ಅಜ್ಜಿಯ ಬಳಿ ಫೋನೇ ಇರಲಿಲ್ಲ. ಪಾದ್ರಿ ಪ್ರಾರ್ಥನೆಯಲ್ಲಿದ್ದರು.

“ಬೇಗ ಮುಗಿಸಪ್ಪೋ! ನಾವೇನು ಇಲ್ಲೇ ಮುದುಕರಾಗ್ಬೇಕಾ?” ಹಿಂದಿನವನೊಬ್ಬ ಕೂಗಿದ.

ಎಲ್‌ವುಡ್ ಪೆನ್ನು ಎತ್ತಿಕೊಂಡ. “ಎಲ್ಲಾ ನಂದೇ.”

ಅರವತ್ತೆಂಟು ವರ್ಷದಲ್ಲಿ ಅದು ಅವನ ಮೊದಲ ದೊಡ್ಡ ಸುಳ್ಳು. ಚೀಟಿಗೆ ಸಹಿ ಹಾಕಿದ. ಅಪ್ಪನ ಕೋವಿಯನ್ನು ಕೊನೆಯ ಸಲ ಸವರಿ, ಕೌದಿ ಹೆಗಲಿಗೆ ಹಾಕಿಕೊಂಡು ಹೊರಬಂದ. ಮನಸ್ಸು ಭಾರವಾಗಿತ್ತು, ಗಾಡಿ ಹಗುರಾಗಿತ್ತು.

ಮನೆಯ ಬೀದಿಗೆ ತಿರುಗುವಷ್ಟರಲ್ಲಿ ಗಸ್, ಬೆಟೀನಾ ಅಜ್ಜಿ, ಪಾದ್ರಿ ಮೂವರೂ ರಸ್ತೆ ನಡುವೆ ನಿಂತಿದ್ದರು.

“ಲೋ, ಒಪ್ಪಿಸಿಬಿಟ್ಯಾ?” ಗಸ್ ಸೊಂಟನೋವು ಮರೆತು ಓಡಿಬಂದ. “ರೇಡಿಯೋದಲ್ಲಿ ಹೇಳಿದ್ರು, ಜಡ್ಜು ಕಾನೂನಿಗೆ ತಡೆ ಕೊಟ್ಟಿದ್ದಾರೆ! ನಾಳೆ ಏನೂ ಇಲ್ಲ! ನಮ್ಮವನ್ನ ವಾಪಸ್ ತಾ!”

“ನಮ್ಮ ಯಜಮಾನ್ರ ನೆನಪು ಅದೊಂದೇ ಇತ್ತು” ಎಂದು ಅಜ್ಜಿ ಕೌದಿ ಕಿತ್ತುಕೊಂಡು ಅದರಲ್ಲೇ ಕಣ್ಣೊರೆಸಿದಳು.

ನಾಲ್ವರೂ ಗಾಡಿ ಹತ್ತಿ ಮರಳಿದರು. ಬಾಗಿಲು ಹಾಕಿದ ಅಂಗಡಿಯ ಮೆಟ್ಟಿಲ ಮೇಲೆ ಓಪಲ್ ಒಬ್ಬಳೇ ಕೂತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

“ಮಾಲು ವಾಪಸ್ ಕೇಳೋಣ ಅಂದ್ರೆ ಐಡಹೋದವನು ಫೋನೇ ಎತ್ತುತ್ತಿಲ್ಲ” ಎಂದಳು. ಗಸ್‌ನ ಕೂಗಾಟ ಕೇಳಿ ತಲೆಯಾಡಿಸಿದಳು. “ಜಡ್ಜು ತಡೆದಿದ್ದು ಹೊಸ ಕಾನೂನನ್ನ. ಹಳೇದು ಹಂಗೇ ಇದೆ. ಚೀಟೀಲಿ ಯಾರ ಹೆಸರಿದೆಯೋ ಅವನಿಗೇ ಕೊಡ್ಬೇಕು. ಪೊಲೀಸ್ ತಪಾಸಣೆ, ಹತ್ತು ದಿನ ಕಾಯೋದು. ನಿಮಗೆ ಬೇಕಂದ್ರೆ ಆಮೇಲೆ ನಿಮ್ಮ ಹೆಸರಿಗೆ ಬರೆಸ್ಕೊಳ್ಳೋಕೆ ಅವನನ್ನೇ ಕರ್ಕೊಂಡು ಬನ್ನಿ. ಮತ್ತೆ ತಪಾಸಣೆ, ಮತ್ತೆ ಹತ್ತು ದಿನ.”

ಮೂರು ಜೊತೆ ಕಣ್ಣುಗಳು ಎಲ್‌ವುಡ್ ಕಡೆ ತಿರುಗಿದವು.

“ಎಲ್ಲಾ ನಂದೇ ಅಂತ ಯಾಕಯ್ಯಾ ಬರ್ಕೊಟ್ಟೆ?” ಎಂದರು ಪಾದ್ರಿ. “ಸುಳ್ಳು ಪಾಪ ಅಲ್ವಾ?”

ಎಲ್‌ವುಡ್ ಬಾಯಿ ತೆರೆಯುವಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ನಡೀನ್.

“ಎಲ್ಲಿದ್ದೀಯ? ಆ ಶನಿ ತೊಲಗಿತಾ?”

“ತೊಲಗಿತು” ಎಂದ ಎಲ್‌ವುಡ್. “ಹತ್ತು ದಿನ ಬಿಟ್ಟು ಸಂಸಾರ ಸಮೇತ ಬರುತ್ತೆ.”