ಬ್ಯಾಟರಿ ಇಳಿಸಿದವರು

ಮದುವೆಗೆ ಹೊರಟು ನಿಂತವರನ್ನು ಕಾರು ನಡುನೀರಿನಲ್ಲಿ ಕೈಬಿಟ್ಟರೆ ಆ ಮನೆಯ ಯಜಮಾನನ ಗತಿ ಏನಾಗುತ್ತದೆಂಬುದು ಕಾರಿಲ್ಲದ ಪುಣ್ಯವಂತರಿಗೆ ಗೊತ್ತಾಗುವಂಥದ್ದಲ್ಲ. ಠಾಣೆಯ ವರ್ತಕ ನಗರದ ಲೀಲಾಧರನಿಗೆ ಅದು ಆ ವರ್ಷದ ಮೇ ತಿಂಗಳಲ್ಲಿ ಗೊತ್ತಾಯಿತು. ಡೊಂಬಿವಲಿಯಲ್ಲಿ ನೆಂಟರ ಮದುವೆ. ಹೆಂಡತಿ ಚಂಪಾ ಕಂಚಿ ಸೀರೆ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದು ಮುಂದಿನ ಸೀಟಿನಲ್ಲಿ ವಿರಾಜಮಾನಳಾಗಿದ್ದಳು. ಹಿಂದೆ ಅವನ ತಾಯಿ ಗಂಗಮ್ಮ ಮತ್ತು ಕಾಲೇಜಿಗೆ ಹೋಗುವ ಮಗಳು ಅಶ್ಮಿತಾ. ಲೀಲಾಧರ ಗಣಪತಿಯ ಪುಟ್ಟ ಮೂರ್ತಿಗೆ ಕೈಮುಗಿದು ಚಾವಿ ತಿರುಗಿಸಿದ. ಕಾರು ‘ಟಕ್’ ಎಂದಿತು. ಮತ್ತೊಮ್ಮೆ ತಿರುಗಿಸಿದ. ಆಗ ಅದೂ ಇಲ್ಲ.

ರೇಷ್ಮೆ ಸೀರೆಗಳು ರಿಕ್ಷಾದಲ್ಲಿ ಠಾಣೆ ಸ್ಟೇಷನ್ನಿಗೆ ಹೋಗಿ, ಸ್ಲೋ ಲೋಕಲ್ ಹತ್ತಿ, ಬೆವರಿನಲ್ಲಿ ತೊಯ್ದು ಡೊಂಬಿವಲಿ ಮುಟ್ಟುವಾಗ ಧಾರೆ ಮುಗಿದಿತ್ತು. ಚಂಪಾಳ ಮಲ್ಲಿಗೆ ರೈಲಿನಲ್ಲೇ ಯಾವಳೋ ಒಬ್ಬಳ ಹ್ಯಾಂಡ್‌ಬ್ಯಾಗಿಗೆ ಸಿಕ್ಕಿ ಮುಂದಿನ ಸ್ಟೇಷನ್ನಿಗೆ ಹೋಗಿತ್ತು.

ಲೀಲಾಧರನಿಗೆ ಇದು ಹೊಟ್ಟೆಗೆ ಇಳಿಯದ ಅವಮಾನ. ಯಾಕೆಂದರೆ ಆ ಬ್ಯಾಟರಿಗೆ ಅವನು ಮಾಡುತ್ತಿದ್ದ ಸೇವೆಯನ್ನು ಹೆತ್ತ ತಾಯಿಗೂ ಮಾಡಿರಲಿಲ್ಲ (ಇದು ಗಂಗಮ್ಮನ ಮಾತು). ಭಾನುವಾರ ಸ್ನಾನವಾದ ಮೇಲೆ ಬಾನೆಟ್ ಎತ್ತಿ, ಟರ್ಮಿನಲ್ಲಿನ ಮೇಲೆ ಹೂವಿನಂತೆ ಅರಳಿದ ಬಿಳಿ ಉಪ್ಪನ್ನು ಬಿಸಿನೀರಿನಿಂದ ತೊಳೆದು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ವ್ಯಾಸಲೀನ್ ಹಚ್ಚಿ, ಆರು ಬಿರಡೆಗಳನ್ನೂ ಬಿಚ್ಚಿ ಬ್ಯಾಟರಿ ನೀರಿನ ಅಭಿಷೇಕ ಮಾಡುತ್ತಿದ್ದ. ಕಾರು ಓಡಿಸುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಿದ್ದ. ಘೋಡ್‌ಬಂದರ್ ರಸ್ತೆಯ ಡಂಪರ್ ಲಾರಿಗಳೆಂದರೆ ಅವನಿಗೆ ಯಮಭಯ. ಹಾಗಾಗಿ ನೆಂಟರ ಮದುವೆಯಂಥ ತಪ್ಪಿಸಲಾಗದ ದಿನ ಬಿಟ್ಟರೆ ಕಾರು ವಾರಕ್ಕೊಮ್ಮೆ ಹೌಸಿಂಗ್ ಸೊಸೈಟಿಯ ಗೇಟಿನವರೆಗೆ ಹೋಗಿ, ಹೊರಗಿನ ಲೋಕ ಸರಿಯಿಲ್ಲವೆಂದು ತಿಳಿದು, ವಾಪಸು ಬರುತ್ತಿತ್ತು.

ಮದುವೆಯಿಂದ ಮರಳಿದ ಸಂಜೆಯೇ ವಿಚಾರಣೆ ಶುರುವಾಯಿತು.

“ಕನ್ನಡಿ ನೋಡ್ಲಿಕ್ಕೆ ಒಳಗಿನ ಲೈಟ್ ಹಾಕಿ ಬಿಟ್ಟದ್ದು ನೀನೇ,” ಎಂದ ಲೀಲಾಧರ.

“ನಾನು ಹತ್ತಿ ಕೂತದ್ದೇ ಆಗ. ಅದು ಅದಕ್ಕೂ ಮೊದಲೇ ಸತ್ತಿತ್ತು. ಹೆಣಕ್ಕೆ ನಾನು ವಿಷ ಹಾಕಿದ್ದಾ?” ಎಂದಳು ಚಂಪಾ.

“ಪಪ್ಪಾ, ಮೈನೇ ತೋ ಹಾತ್ ಭೀ ನಹೀಂ ಲಗಾಯಾ,” ಎಂದು ಅಶ್ಮಿತಾ ಮೊಬೈಲಿನಿಂದ ತಲೆ ಎತ್ತದೆ, ತಾನು ಮುಟ್ಟಿಯೇ ಇಲ್ಲವೆಂದು ಕೈ ತೊಳೆದುಕೊಂಡಳು.

“ದೃಷ್ಟಿ ತಾಗಿದ್ದು ಮಗಾ,” ಎಂದು ಗಂಗಮ್ಮ ಟಿವಿಯ ಸದ್ದನ್ನು ಇನ್ನಷ್ಟು ಏರಿಸಿದಳು.

ಹಳೆಯದರ ಆಯುಸ್ಸು ಮುಗಿದಿದೆ ಎಂದು ಬ್ಯಾಟರಿಯವನು ಹೇಳಿದ್ದರಿಂದ ಹೊಸದು ಬಂತು. ಅದರ ಜೊತೆಗೆ ಲೀಲಾಧರನ ರಾಜಾಜ್ಞೆಯೂ ಹೊರಟಿತು. ಇನ್ನು ಮುಂದೆ ಅವನ ಹೊರತು ಯಾರೂ ಕಾರಿನ ಬಾಗಿಲು ಮುಟ್ಟಕೂಡದು.

ಈ ಆಜ್ಞೆಯ ಒಳಗುಟ್ಟು ಬೇರೆಯೇ ಇತ್ತು. ಲೀಲಾಧರನ ಮನೆ ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ಗಂಗಮ್ಮನ ಟಿವಿ, ಮೇಜಿನ ಮೇಲೆ ಅಶ್ಮಿತಾಳ ಪುಸ್ತಕ, ಅಡುಗೆಮನೆಯಲ್ಲಿ ಚಂಪಾ. ಫೋರ್ಟಿನ ಆಫೀಸಿಗೆ ಹೋಗಿಬರುವ ಲೋಕಲ್ಲಿನಲ್ಲಿ ಅವನ ಮೂಗು ಯಾವಾಗಲೂ ಪರರ ಕಂಕುಳಲ್ಲಿ. ಹೀಗಿರುವಾಗ ಇಡೀ ಠಾಣೆ ಜಿಲ್ಲೆಯಲ್ಲಿ ಅವನು ಎರಡು ಮೊಣಕೈಗಳನ್ನೂ ಒಟ್ಟಿಗೆ ಚಾಚಬಹುದಾಗಿದ್ದ ಜಾಗ ಆ ಡ್ರೈವರ್ ಸೀಟು ಒಂದೇ. ಸಂಜೆ ಚಹಾ ಕುಡಿದು “ಬ್ಯಾಟರಿಗೆ ನೀರು ಉಂಟಾ ನೋಡಿ ಬರ್ತೇನೆ” ಎಂದು ಕೆಳಗಿಳಿದರೆ, ಗಾಜು ಏರಿಸಿ, ಸಣ್ಣ ದೀಪ ಹಾಕಿ, ಯಕ್ಷಗಾನದ ಕ್ಯಾಸೆಟ್ ಹಚ್ಚಿ, ಶೇಂಗಾ ಬಿಡಿಸುತ್ತ ತಾಸುಗಟ್ಟಲೆ ಕೂರುತ್ತಿದ್ದ. ಆ ಹೊತ್ತಿಗಾಗಿಯೇ ಅವನು ಉಳಿದ ದಿನವನ್ನೆಲ್ಲ ಸಹಿಸುತ್ತಿದ್ದ ಎಂದರೂ ಸರಿಯೇ. ಅಷ್ಟು ಭಾಗವತಿಕೆಗೇ ಸೋತು ಮಲಗುವ ಬ್ಯಾಟರಿ ಲೋಕದಲ್ಲಿರಲಿಕ್ಕಿಲ್ಲ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಆದರೆ ಹೊಸ ಬ್ಯಾಟರಿಯೂ ಮಳೆ ಬೀಳುವ ಮೊದಲೇ ಇಳಿಯಿತು.

ಬ್ಯಾಟರಿಯವನು ಚಾರ್ಜ್ ಮಾಡಿ ತಂದು ಕೂರಿಸುತ್ತ, “ಬ್ಯಾಟರಿ ಏಕ್‌ದಂ ಫಸ್ಟ್ ಕ್ಲಾಸ್ ಹೈ. ಗಾಡಿ ರೋಜ್ ಚಲಾವೋ, ಸಾಬ್,” ಎಂದು ಹೋದ. ದಿನಾ ಓಡಿಸಬೇಕೆಂಬ ಆ ಉಪದೇಶವನ್ನು ಲೀಲಾಧರ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಕಣ್ಣಿಗೆ ಬಿದ್ದದ್ದು ಬೇರೆ. ಡ್ರೈವರ್ ಸೀಟು ಹಿಂದಕ್ಕೆ ಒರಗಿತ್ತು. ಅವನೋ ಯಾವಾಗಲೂ ನೆಟ್ಟಗೆ ಕೂರುವವನು. ಯಾರೋ ತನ್ನ ಸಿಂಹಾಸನ ಏರುತ್ತಿದ್ದಾರೆಂದು ಅವನಿಗೆ ಖಾತ್ರಿಯಾಯಿತು.

ಮರುದಿನ ಅರ್ಧ ದಿನ ರಜೆ ಹಾಕಿ ಬಂದು ನೀರಿನ ಪಂಪಿನ ಕೋಣೆಯ ಹಿಂದೆ ಅಡಗಿ ನಿಂತ. ವಾಚ್‌ಮನ್ ಮಾಪಣ್ಣ, ಕಲಬುರಗಿ ಕಡೆಯವನು, ಕಂಡು ಹತ್ತಿರ ಬಂದ.

“ಇಲ್ಯಾಕ ನಿಂತೀರಿ ಸಾಹೇಬ್ರ? ಬಿಸಲ ಭಾಳ ಅದ. ಬರ್ರಿ, ನೆಳ್ಳಾಗ ಕುಂದರ್ರಿ.”

“ಶ್! ಕಳ್ಳನನ್ನು ಹಿಡೀಲಿಕ್ಕೆ ಉಂಟು.”

ಸ್ವಲ್ಪ ಹೊತ್ತಿಗೆ ಕಳ್ಳ ಬಂದ. ನೈಟಿಯ ಮೇಲೆ ದುಪಟ್ಟಾ ಹೊದ್ದು, ಕೈಯಲ್ಲಿ ಎರಡನೇ ಚಾವಿ ಹಿಡಿದು, ಮೆಟ್ಟಿಲಿಳಿದು ಬಂದವಳು ಚಂಪಾ. ಬಾಗಿಲು ತೆಗೆದಳು, ಕೂತಳು, ಚಾವಿ ಅರ್ಧ ತಿರುಗಿಸಿ ಒಳಗಿನ ಫ್ಯಾನ್ ಪೂರ್ತಿ ಏರಿಸಿದಳು, ಸೀಟು ಒರಗಿಸಿ ಕಣ್ಣು ಮುಚ್ಚಿದಳು.

ಲೀಲಾಧರ ಅರ್ಜುನನ ಆವೇಶದಲ್ಲಿ ಧಾವಿಸಿದವನು ಗಾಜಿನ ಹತ್ತಿರ ತಟಸ್ಥನಾದ. ಅವಳಿಗೆ ಆಗಲೇ ನಿದ್ದೆ ಬಂದಿತ್ತು. ಬಾಯಿ ಚೂರು ತೆರೆದಿತ್ತು, ಮುಂಗೂದಲು ಗಾಳಿಗೆ ಹಾರುತ್ತಿತ್ತು. ಇಷ್ಟು ನೆಮ್ಮದಿಯ ಮುಖವನ್ನು ಅವನು ವರ್ಷಗಳಿಂದ ಮನೆಯಲ್ಲಿ ಕಂಡಿರಲಿಲ್ಲ. ಎತ್ತಿದ ಕೈಯನ್ನು ಅವನು ಇಳಿಸಿದ. ಆದರೆ ಫ್ಯಾನ್ ಓಡುತ್ತಲೇ ಇತ್ತು. ಬ್ಯಾಟರಿಯ ಸಂಕಟವೇ ಮೇಲಾಗಿ ಗಾಜು ಬಡಿದ.

“ಬ್ಯಾಟರಿ ಇಳಿಸಿದ್ದು ನೀನೇ!”

ಚಂಪಾ ಹೌಹಾರಲಿಲ್ಲ. “ಮೆಲ್ಲ ಮಾತಾಡಿ ಮಾರಾಯ್ರೇ, ಸೊಸೈಟಿಯವರು ನೋಡ್ತಾರೆ. ಆಚೆಯಿಂದ ಬಂದು ಕೂತ್ಕೊಳ್ಳಿ,” ಎಂದಳು. ಅವನು ಸುತ್ತು ಬಂದು ಪಕ್ಕದ ಸೀಟಿನಲ್ಲಿ ಕೂತ.

“ಮಲಗ್ಲಿಕ್ಕೆ ಮನೆ ಇಲ್ವಾ ನಿನಗೆ?”

“ಎಲ್ಲಿ ಮಲಗುದು? ಅತ್ತೆಯ ಟಿವಿಯ ಎದುರಾ, ಗ್ಯಾಸಿನ ಬುಡದಲ್ಲಾ? ಮದುವೆಯಾಗಿ ಈ ಊರಿಗೆ ಬಂದ ಮೇಲೆ ನಾನು ಬಾಗಿಲು ಹಾಕ್ಕೊಂಡು ಒಬ್ಬಳೇ ಕೂತದ್ದು ಅಂತ ಇದ್ರೆ ಈ ಕಾರಿನಲ್ಲಿ.”

ಲೀಲಾಧರನ ಮನಸ್ಸಿನ ಮಾತನ್ನೇ ಅವಳು ಕದ್ದು ಆಡಿದಂತಿತ್ತು. ಆದರೂ ಗಂಡಸಲ್ಲವೇ, “ಅದೆಲ್ಲ ಸರಿ, ಬ್ಯಾಟರಿ…” ಎಂದು ಎಳೆದ.

“ನೀವು ದಿನಾ ಸಂಜೆ ಅರ್ಧ ಪ್ರಸಂಗ ಮುಗಿಸಿ ಬರುವಾಗ ಬ್ಯಾಟರಿ ಇಳಿಯುದಿಲ್ವಾ? ಆ ಶೇಂಗಾ ಸಿಪ್ಪೆ ಗುಡಿಸುದು ಯಾರು ಅಂತ ಗ್ರಹಿಸಿದ್ದೀರಿ?”

ಅವನ ಮುಖ ಸಣ್ಣದಾಯಿತು. ಗುಟ್ಟು ರಟ್ಟಾದ ಮೇಲೆ ಉಳಿದದ್ದು ಸಂಧಾನ. “ಹಾಗಾದ್ರೆ ಹೀಗೆ ಮಾಡುವ. ಮಧ್ಯಾಹ್ನ ನಿನಗೆ, ಸಂಜೆ ನನಗೆ. ಫ್ಯಾನೂ ಬೇಡ, ಟೇಪೂ ಬೇಡ.”

“ಫ್ಯಾನಿಲ್ಲದೆ ಈ ಸೆಕೆಯಲ್ಲಿ ಬೇಯ್ಲಿಕ್ಕಾ? ಬ್ಯಾಟರಿಯವ ಎಂತ ಹೇಳಿ ಹೋದ? ಗಾಡಿ ದಿನಾ ಓಡಿಸಿ ಅಂದ. ನೀವಂತೂ ಓಡಿಸುದಿಲ್ಲ. ನಾನೇ ಕಲೀತೇನೆ.”

ಲೀಲಾಧರ ಮನಸಾರೆ ನಕ್ಕ. “ಕಲಿ ಕಲಿ, ಯಾರು ಬೇಡ ಅಂದದ್ದು?” ಎಂದು ಉದಾರವಾಗಿ ಅಪ್ಪಣೆ ಕೊಟ್ಟ. ಮೊದಲ ಡಂಪರ್ ಎದುರು ಬಂದ ದಿನ ಇವಳು ವಾಪಸು ಅಡುಗೆಮನೆ ಸೇರುತ್ತಾಳೆ ಎಂಬ ಭರವಸೆ ಅವನಿಗಿತ್ತು.

ಡಂಪರುಗಳೇ ಅವಳಿಗೆ ದಾರಿ ಬಿಟ್ಟವು. ನವರಾತ್ರಿಯ ಹೊತ್ತಿಗೆ ಚಂಪಾಳ ಕೈಗೆ ಲೈಸೆನ್ಸ್ ಬಂತು. ಮಧ್ಯಾಹ್ನ ಕಾರನ್ನು ಉಪವನದ ಕೆರೆಯ ಹತ್ತಿರ ಮರದ ನೆರಳಿಗೆ ಒಯ್ದು, ಗಾಜು ಇಳಿಸಿ, ಪುಕ್ಕಟೆ ಗಾಳಿಯಲ್ಲಿ ನಿದ್ದೆ ಮಾಡಿ ಬರುತ್ತಿದ್ದಳು. ಸಂಜೆ ನೌಪಾಡಾದ ಕ್ಲಾಸಿನಿಂದ ಅಶ್ಮಿತಾಳನ್ನು ಕರೆತರುವುದು, ಬರುವಾಗ ತರಕಾರಿ, ಭಾನುವಾರ ಠಾಕುರ್ಲಿಯ ಅಕ್ಕನ ಮನೆ. ಬ್ಯಾಟರಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಯಿತು. ಚಾವಿ ಮುಟ್ಟಿದರೆ ಸಾಕು, ಕಾರು ಎದ್ದು ನಿಲ್ಲುತ್ತಿತ್ತು. ಮನೆಯಲ್ಲಿ ಗಂಗಮ್ಮನ ಟಿವಿ ಮಾತ್ರ ಮೊದಲಿನಷ್ಟೇ ಗಟ್ಟಿಯಾಗಿ ಅಳುತ್ತಿತ್ತು.

ಲೀಲಾಧರ ಅಭ್ಯಾಸಬಲದಿಂದ ಸಂಜೆ ಕೆಳಗಿಳಿದರೆ ಪಾರ್ಕಿಂಗಿನಲ್ಲಿ ಎಣ್ಣೆಯ ಕಲೆ ಮಾತ್ರ. ನೋಡಲಾರದೆ ಮಾಪಣ್ಣ ತನ್ನ ಸ್ಟೂಲು ತಂದು ಆ ಕಲೆಯ ಪಕ್ಕಕ್ಕಿಟ್ಟ. ಅದರ ಮೇಲೆ ಕೂತು ಲೀಲಾಧರ ಎರಡೂ ಮೊಣಕೈಗಳನ್ನು ಚಾಚಿದ. ತನ್ನ ಬ್ಯಾಟರಿ ನೆಟ್ಟಗಾದ ಸಂತೋಷವನ್ನು ಹುಡುಕಿದ. ಅದು ಸಿಗುವಷ್ಟರಲ್ಲಿ ಗೇಟಿನಲ್ಲಿ ಹೆಡ್‌ಲೈಟು ಕಂಡಿತು. ಗಾಜು ಇಳಿಯಿತು.

“ಎಂತ ಅಲ್ಲಿ ಕೂತದ್ದು? ಏಳಿ, ನನಗೆ ರಿವರ್ಸ್ ತಗೊಳ್ಲಿಕ್ಕೆ ಉಂಟು. ಹಿಂದೆ ನಿಂತು ಸರಿ ನೋಡಿ ಹೇಳಿ!”

ಲೀಲಾಧರ ಸ್ಟೂಲು ಬಗಲಿಗೆ ಏರಿಸಿಕೊಂಡು ಕಂಬದ ಹತ್ತಿರ ಸರಿದ. ಗಂಟಲು ಸರಿಮಾಡಿಕೊಂಡು, ಕೈ ಬೀಸಿ ಕಾರನ್ನು ಹಿಂದಕ್ಕೆ ಕರೆಯುತ್ತ, “ಆನೇ ದೋ… ಆನೇ ದೋ…” ಎಂದು ಗಂಭೀರವಾಗಿ ಕೂಗತೊಡಗಿದ. ಕಾರು ಒಂದೇ ಸಲಕ್ಕೆ ಬಂದು ನಿಂತಿತು. ಅದು ನಿಂತ ಮೇಲೆ ಅಲ್ಲಿ ಸ್ಟೂಲಿಗೂ ಜಾಗವಿರಲಿಲ್ಲ.