ಬಾಲಚಂದ್ರ ಮಾತಾಡದ ಸೋಮವಾರ

ಸೂರತ್ತಿನ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಬಾಲಚಂದ್ರನಿಗೆ ಹಾಸನಕ್ಕೆ ವರ್ಗ ಬೇಕಿತ್ತು. ಅಹಮದಾಬಾದಿನಿಂದ ದೊಡ್ಡ ಸಾಹೇಬರು ಸೋಮವಾರ ಬಂದು, ವರ್ಗ ಕೇಳುವವರನ್ನು ಖುದ್ದಾಗಿ ಮಾತಾಡಿಸುತ್ತಾರೆಂದು ತಿಳಿದದ್ದೇ ತಡ, ಭಾನುವಾರವಿಡೀ ಕನ್ನಡಿಯೆದುರು ನಿಂತು ಹಿಂದಿಯಲ್ಲಿ ಭಾಷಣ ಅಭ್ಯಾಸ ಮಾಡಿದ. ಗಂಟಲು ಒಣಗಿದಾಗಲೆಲ್ಲ ಬೀದಿಗಿಳಿದು ಐಸ್ ಗೋಲಾ ಚೀಪಿದ. ಸೋಮವಾರ ಬೆಳಿಗ್ಗೆ ಕಾಫಿ ಕೇಳಲು ಬಾಯಿ ತೆರೆದರೆ ಪಂಕ್ಚರಾದ ಸೈಕಲ್ ಟ್ಯೂಬಿನಂತೆ ಬರೀ ಗಾಳಿ ಹೊರಬಂತು.

"ಚೀಟೀಲಿ ಬರ್ಕೊಂಡು ಹೋಗಿ," ಎಂದಳು ಹೆಂಡತಿ ಪ್ರೇಮಾ. "ಮೂರು ವರ್ಷದಿಂದ ಕನ್ನಡದಲ್ಲಿ ಜಗಳ ಆಡೋಕೆ ನನಗೆ ನೀವೊಬ್ಬರೇ ಸಿಕ್ಕಿರೋದು. ಈಗ ಅದೂ ಇಲ್ಲ."

ಬರೆದುಕೊಂಡು ಹೊರಟವನನ್ನು ಕೆಳಮನೆಯ ಸವಿತಾಬೆನ್ ಮೆಟ್ಟಿಲಲ್ಲೇ ತಡೆದು ಸೊಸೆಯ ವಿಷಯ ತೆಗೆದರು. ಬೇರೆ ದಿನವಾಗಿದ್ದರೆ ಬಾಲಚಂದ್ರ ಎರಡನೇ ವಾಕ್ಯಕ್ಕೇ ತನ್ನ ಅತ್ತೆಯ ಕತೆ ಶುರುಮಾಡುತ್ತಿದ್ದ. ಇವತ್ತು ಇಪ್ಪತ್ತು ನಿಮಿಷ ತಲೆಯಾಡಿಸಿದ. ಆಕೆ ಕಣ್ಣೊರೆಸಿಕೊಂಡು, ಗರಿಗರಿ ಖಾಖ್ರಾ ರೊಟ್ಟಿಯ ಪೊಟ್ಟಣ ಕೈಗಿತ್ತು, ಇಷ್ಟು ಚೆನ್ನಾಗಿ ಮಾತಾಡುವವರು ಈ ಹೌಸಿಂಗ್ ಸೊಸೈಟಿಯಲ್ಲೇ ಇಲ್ಲ ಎಂದರು. ಅಷ್ಟರಲ್ಲಿ ಬಸ್ಸು ಹೋಗಿತ್ತು.

ಕಚೇರಿಯಲ್ಲಿ ತ್ರಿವೇದಿಗೂ ದೇಸಾಯಿಗೂ ಫ್ಯಾನು ಯಾರ ಕಡೆ ತಿರುಗಬೇಕೆಂಬ ಬಗ್ಗೆ ಆರು ತಿಂಗಳ ಜಗಳ. ಇಬ್ಬರೂ ಅವನನ್ನು ಬೇರೆ ಬೇರೆಯಾಗಿ ಚಹಾಕ್ಕೆ ಕರೆದೊಯ್ದು ನ್ಯಾಯ ಒಪ್ಪಿಸಿದರು. ಅವನು ಇಬ್ಬರಿಗೂ ತಲೆಯಾಡಿಸಿದ. ತಾವೇ ಗೆದ್ದೆವೆಂದುಕೊಂಡ ಇಬ್ಬರೂ ಉದಾರಿಗಳಾಗಿ, ಮಧ್ಯಾಹ್ನ ಒಂದೇ ಡಬ್ಬಿಯಿಂದ ಊಟ ಮಾಡಿದರು.

ಮೂರು ಗಂಟೆಗೆ ಅವನ ಸರದಿ ಬಂತು. ಚೀಟಿ ಚಾಚುವ ಮೊದಲೇ ಸಾಹೇಬರು ಕೂರಿಸಿ, ಹೇಗಿದ್ದೀರಿ ಎಂದು ಕೇಳಿದರು. ಉತ್ತರ ಬಾರದ್ದರಿಂದ, "ನಾನೂ ಅಷ್ಟಕ್ಕಷ್ಟೇ," ಎಂದು ಹಿಂದಿಯಲ್ಲಿ ನಿಟ್ಟುಸಿರಿಟ್ಟರು. ಆಮೇಲೆ ಮಂಡಿನೋವು, ಊಟದ ಹೊತ್ತಿಗೂ ಟೀವಿ ಬಿಟ್ಟೇಳದ ಹೆಂಡತಿ, ಹೂಂ ಉಹೂಂ ಬಿಟ್ಟು ಮೂರನೇ ಮಾತಾಡದ ಮಗ, ಎಲ್ಲವೂ ಬಂತು. ಮುಕ್ಕಾಲು ಗಂಟೆಯಾಯಿತು. ಬಾಲಚಂದ್ರನ ಕತ್ತು ನೋಯತೊಡಗಿತು.

ಕೊನೆಗೆ ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಚೀಟಿ ಇಸಿದುಕೊಂಡರು. ವರ್ಗಕ್ಕಾಗಿ ಮನವಿ ಎಂಬ ದಪ್ಪಕ್ಷರದ ಮೊದಲ ಸಾಲಷ್ಟೇ ಕನ್ನಡಕವಿಲ್ಲದ ಅವರಿಗೆ ಕಂಡಿತು.

"ವರ್ಗ ತಾನೇ? ಕೊಟ್ಟೆ."

ಬಾಲಚಂದ್ರ ಹಿಗ್ಗಿ ಕೈಮುಗಿದ. ಸಾಹೇಬರು ಮ್ಯಾನೇಜರನ್ನು ಕರೆದು ಹೇಳಿದರು: "ಅಹಮದಾಬಾದಿಗೆ, ನನ್ನ ವಿಭಾಗಕ್ಕೇ. ನನ್ನೆದುರಿಗೇ ಇವರ ಮೇಜು ಹಾಕಿಸಿ. ಇಷ್ಟು ಮನಸ್ಸು ಬಿಚ್ಚಿ ನನ್ನ ಜೊತೆ ಯಾರೂ ಮಾತಾಡಿಲ್ಲ."

ಬಾಲಚಂದ್ರ ಎದ್ದು ನಿಂತು ಎರಡೂ ಕೈ ಅಲ್ಲಾಡಿಸಿದ. ಹಾಸನ, ಹಾಸನ ಎಂದು ತುಟಿ ಕುಣಿಸಿದ. ಸದ್ದೇ ಹೊರಡಲಿಲ್ಲ.

"ಪಾಪ, ಸಂತೋಷಕ್ಕೆ ಗಂಟಲೇ ಕಟ್ಟಿಹೋಗಿದೆ," ಎಂದ ಸಾಹೇಬರು, ಆದೇಶಕ್ಕೆ ಸಹಿ ಹಾಕಿ ಮುದ್ರೆ ಒತ್ತಿಸಿದರು.